ಕಚೇರಿಯಲ್ಲಿ ಸಮಾನ ಅವಕಾಶ: ಒಂದೇ ‘ಕುಂದುಕೊರತೆ ಸಮಿತಿ’ ಸಾಕೇ?

ಪ್ರಶ್ನೆ: ಸಿಬ್ಬಂದಿಶಾಖೆ

ರಾಜ್ಯ ಸರ್ಕಾರದ ಜಿಲ್ಲಾ ಮಟ್ಟದ ಕಚೇರಿ. ಕಾಯಂ ನೌಕರರು 31, ಹೊರಗುತ್ತಿಗೆಯವರು 9. ಗೆಜೆಟೆಡ್ ಅಧಿಕಾರಿಗಳು ಇಬ್ಬರೇ, ಇಬ್ಬರೂ ಪುರುಷರು.

‘ಕುಂದುಕೊರತೆ ನಿವಾರಣಾ ಸಮಿತಿ’ ಅಂತ ಹಳೆಯ ಕಚೇರಿ ಆದೇಶ ಒಂದಿದೆ. ಕಚೇರಿ ಮುಖ್ಯಸ್ಥರು ಅಧ್ಯಕ್ಷರು, ಅಧೀಕ್ಷಕರು ಸದಸ್ಯ ಕಾರ್ಯದರ್ಶಿ, ಇಬ್ಬರು ಮಹಿಳಾ ನೌಕರರು ಸದಸ್ಯರು. ಮಹಿಳೆಯರ ದೂರು, ವಿಕಲಚೇತನ ನೌಕರರ ದೂರು, ಬಡ್ತಿ, ವರ್ಗಾವಣೆ ಎಲ್ಲವೂ ಅದಕ್ಕೇ ಹೋಗುತ್ತದೆ. ಈಗ ಮೇಲಿನ ಕಚೇರಿಯಿಂದ ‘ಸಮಾನ ಅವಕಾಶ ನೀತಿಯನ್ನು ಪ್ರಕಟಿಸಿ ಪಾಲನಾ ವರದಿ ಕಳುಹಿಸಿ’ ಎಂದು ಜ್ಞಾಪನ ಬಂದಿದೆ. ಅಂತರ್ಜಾಲದಲ್ಲಿ ಸಿಗುವ ಮಾದರಿಗಳೆಲ್ಲ ಖಾಸಗಿ ಕಂಪನಿಗಳವು.

ತಿಳಿಯಬೇಕಾದದ್ದು ಮೂರು. ಹಳೆಯ ಸಮಿತಿಯನ್ನೇ ಪಾಲನಾ ವರದಿಯಲ್ಲಿ ತೋರಿಸಿದರೆ ನಡೆಯುತ್ತದೆಯೇ? ನೀತಿಯಲ್ಲಿ ಏನೇನು ಇರಲೇಬೇಕು? ಮೂರನೆಯದು ಸ್ವಲ್ಪ ತುರ್ತು: ಪ್ರಥಮ ದರ್ಜೆ ಸಹಾಯಕರೊಬ್ಬರಿಗೆ ಮಧುಮೇಹದಿಂದ ದೃಷ್ಟಿ ಮಂಜಾಗಿದೆ, ಕಡತದ ಸಣ್ಣ ಅಕ್ಷರ ಓದಲಾಗುತ್ತಿಲ್ಲ. ಪ್ರಮಾಣಪತ್ರದಲ್ಲಿ ಶೇ 30 ಎಂದಿದೆ. ‘ಶೇ 40ಕ್ಕಿಂತ ಕಡಿಮೆ, ಕಾಯ್ದೆ ಅನ್ವಯಿಸುವುದಿಲ್ಲ, ಸ್ವಯಂ ನಿವೃತ್ತಿಗೆ ಅರ್ಜಿ ಬರೆಸಿಕೊಳ್ಳಿ’ ಎಂದು ಮೌಖಿಕ ಸೂಚನೆ ಬಂದಿದೆ. ಇದು ಸರಿಯೇ?

ಉತ್ತರ: ಹಿಂಬರಹ

ಮೂರನೆಯದರಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಆ ಅರ್ಜಿಗೆ ಸಹಿ ಬಿದ್ದ ಮೇಲೆ ಸರಿಪಡಿಸುವುದು ಕಷ್ಟ. ಬರೆಸಿಕೊಳ್ಳಬೇಡಿ.

ಶೇ 40 ಅನ್ನುವುದು ಮೀಸಲಾತಿಯ ಅಳತೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಕಲಂ 34ರಲ್ಲಿ ಹುದ್ದೆ ಮೀಸಲಿಡುವಾಗ ಆ ಮಿತಿ ಬರುತ್ತದೆ. ಸೇವೆಯಲ್ಲಿರುವವರಿಗೆ ರಕ್ಷಣೆ ಕೊಡುವುದು ಕಲಂ 20. ಅದರಲ್ಲಿ ಶೇಕಡಾವಾರು ಮಾತೇ ಇಲ್ಲ. ‘ಸೇವಾವಧಿಯಲ್ಲಿ ವೈಕಲ್ಯ ಹೊಂದಿದ ನೌಕರ’ ಎಂದಷ್ಟೇ ಇದೆ. ಶೇ 40ರ ಮಿತಿಯನ್ನು ಎಲ್ಲ ಹಕ್ಕುಗಳಿಗೂ ಎಳೆಯಬಾರದು ಎಂದು ಸುಪ್ರೀಂ ಕೋರ್ಟ್ 2021ರ ವಿಕಾಶ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಅದು ಪರೀಕ್ಷೆಯಲ್ಲಿ ಬರಹಗಾರರ ನೆರವು ಕೇಳಿದ ಪ್ರಕರಣ, ಆದರೆ ತತ್ವ ಇದೇ. ಶೇ 40ಕ್ಕಿಂತ ಕಡಿಮೆ ಇರುವವರಿಗೂ ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ) ಕಾರ್ಡ್ ಸಿಗುತ್ತದೆ, ಬಿಳಿ ಬಣ್ಣದ್ದು.

ಕಲಂ 20(4)ರಲ್ಲಿ ಅನುಕ್ರಮ ಇದೆ. ಆ ನೌಕರರನ್ನು ಸೇವೆಯಿಂದ ತೆಗೆಯುವಂತಿಲ್ಲ, ಹಿಂಬಡ್ತಿ ಕೊಡುವಂತಿಲ್ಲ. ಈಗಿನ ಹುದ್ದೆಗೆ ಹೊಂದದಿದ್ದರೆ ಅದೇ ವೇತನ ಶ್ರೇಣಿ, ಅದೇ ಸೇವಾ ಸೌಲಭ್ಯಗಳಿರುವ ಬೇರೆ ಹುದ್ದೆಗೆ ಬದಲಿಸಬೇಕು. ಅಂಥ ಹುದ್ದೆ ಖಾಲಿ ಇಲ್ಲದಿದ್ದರೆ ಸೂಪರ್‌ನ್ಯೂಮರರಿ (ಮಂಜೂರಾದ ಸಂಖ್ಯೆಗೆ ಹೆಚ್ಚುವರಿಯಾಗಿ ಸೃಷ್ಟಿಸುವ) ಹುದ್ದೆಯಲ್ಲಿ ಇರಿಸಿಕೊಳ್ಳಬೇಕು, ಸೂಕ್ತ ಹುದ್ದೆ ಸಿಗುವವರೆಗೆ ಅಥವಾ ವಯೋನಿವೃತ್ತಿಯವರೆಗೆ. ಆದರೆ ಇದಕ್ಕೂ ಮುಂಚಿನ ಮೆಟ್ಟಿಲೊಂದನ್ನು ಕಚೇರಿಗಳು ಹಾರಿಬಿಡುತ್ತವೆ: ಕಲಂ 20(2)ರ ‘ಸಮಂಜಸ ಹೊಂದಾಣಿಕೆ’. ಅಂದರೆ ಅದೇ ಹುದ್ದೆಯಲ್ಲಿ, ಅದೇ ಕುರ್ಚಿಯಲ್ಲಿ ಕೆಲಸ ಮಾಡಲು ಬೇಕಾದ ಮಾರ್ಪಾಡು. ನಿಮ್ಮ ಸಹಾಯಕರ ವಿಷಯ ಬಹುತೇಕ ಇಲ್ಲೇ ಮುಗಿಯಬೇಕು.

ಕಡತ ನಡೆಸುವ ಕ್ರಮ ಹೀಗಿರಲಿ. ತಮಗೆ ಯಾವ ಕೆಲಸ ಕಷ್ಟ, ಏನು ಬೇಕು ಎಂದು ಅವರಿಂದ ಮನವಿ ಪಡೆಯಿರಿ. ಟಪಾಲಿನಲ್ಲಿ ಆವಕ ಸಂಖ್ಯೆ ಹಾಕಿಸಿ. ಅವರ ಕೆಲಸ ಹಂಚಿಕೆ ಆದೇಶವನ್ನು ಮುಂದಿಟ್ಟುಕೊಂಡು ಒಂದೊಂದು ಕೆಲಸಕ್ಕೂ ಟಿಪ್ಪಣಿ ಬರೆಯಿರಿ: ಇದು ಈಗಲೂ ಆಗುತ್ತದೆ, ಇದು ಸಾಧನ ಕೊಟ್ಟರೆ ಆಗುತ್ತದೆ, ಇದನ್ನು ಬೇರೆಯವರಿಗೆ ಕೊಡಬೇಕು. ವೈದ್ಯಕೀಯ ಅಭಿಪ್ರಾಯ ಬೇಕೆಂದರೆ ಈ ಟಿಪ್ಪಣಿಯನ್ನೇ ಲಗತ್ತಿಸಿ ಕೇಳಿ. ‘ಕರ್ತವ್ಯಕ್ಕೆ ಅರ್ಹರೇ?’ ಎಂಬ ಒಂದೇ ಸಾಲಿನ ಪತ್ರ ವೈದ್ಯಕೀಯ ಮಂಡಳಿಗೆ ಹೋದರೆ ‘ಅನರ್ಹ’ ಎಂಬ ಒಂದೇ ಪದ ವಾಪಸ್ ಬರುತ್ತದೆ, ಆಮೇಲೆ ಇಡೀ ಕಡತ ಆ ಪದದ ಸುತ್ತ ತಿರುಗುತ್ತದೆ. ಚಿಕಿತ್ಸೆಯ ಅವಧಿಯನ್ನು ‘ಅನಧಿಕೃತ ಗೈರುಹಾಜರಿ’ ಅಂತ ಹಾಜರಿ ವಹಿಯಲ್ಲಿ ಬರೆಯದಂತೆ ಈಗಲೇ ನೋಡಿಕೊಳ್ಳಿ. ನಿರಾಕರಿಸುವುದಾದರೆ ‘ಅನುಪಾತ ಮೀರಿದ ಅಥವಾ ಅನುಚಿತ ಹೊರೆ’ ಎಂದು ಕಾರಣ ಸಮೇತ ಬರೆಯಬೇಕು. ಕಲಂ 2ರ ವ್ಯಾಖ್ಯೆಯಲ್ಲಿರುವ ವಿನಾಯಿತಿ ಅದೊಂದೇ. ದೊಡ್ಡ ಮಾನಿಟರ್ ಕೊಡುವುದು ಸರ್ಕಾರಕ್ಕೆ ಅನುಚಿತ ಹೊರೆ ಎಂದು ಯಾವ ಅಧಿಕಾರಿಯೂ ಸಹಿ ಹಾಕಿ ಬರೆಯಲಾರರು.

ಮೊದಲ ಪ್ರಶ್ನೆಗೆ: ನಡೆಯುವುದಿಲ್ಲ. ಪ್ರತಿ ಕಾಯ್ದೆಗೂ ಅದರದೇ ಬಾಗಿಲು, ಅದರದೇ ವಹಿ, ಅದರದೇ ಗಡುವು ಇದೆ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಡಿ ಆಂತರಿಕ ಸಮಿತಿ. ವಿಕಲಚೇತನ ನೌಕರರ ಕಲಂ 20ರ ದೂರಿಗೆ 2016ರ ಕಾಯ್ದೆಯ ಕಲಂ 23ರಡಿ ಕುಂದುಕೊರತೆ ನಿವಾರಣಾಧಿಕಾರಿ. ನೇಮಕಾತಿ ಮತ್ತು ಸೌಲಭ್ಯ ನೋಡಿಕೊಳ್ಳಲು ಅದೇ ಕಾಯ್ದೆಯ 2017ರ ನಿಯಮಗಳ ನಿಯಮ 8ರಡಿ ಸಂಪರ್ಕಾಧಿಕಾರಿ. ಲಿಂಗತ್ವ ಅಲ್ಪಸಂಖ್ಯಾತ ನೌಕರರ ದೂರಿಗೆ 2019ರ ಕಾಯ್ದೆಯ ಕಲಂ 11ರಡಿ ದೂರು ಅಧಿಕಾರಿ. ಅವರು ದೂರು ಬಂದ 15 ದಿನದಲ್ಲಿ ವಿಚಾರಿಸಬೇಕೆಂದು 2020ರ ನಿಯಮ ಹೇಳುತ್ತದೆ. ಎರಡನೆಯ ಮತ್ತು ನಾಲ್ಕನೆಯ ಹೊಣೆಯನ್ನು ಒಬ್ಬರಿಗೇ ಕೊಡಬಹುದು, ತಡೆಯೇನೂ ಇಲ್ಲ, ಆದರೆ ಆದೇಶ ಎರಡು ಮಾಡಿ. ಒಂದೇ ಆದೇಶದಲ್ಲಿ ತುರುಕಿದರೆ ಅಧಿಕಾರಿ ವರ್ಗವಾದಾಗ ಎರಡೂ ಒಟ್ಟಿಗೆ ಖಾಲಿ ಬೀಳುತ್ತವೆ, ಯಾರೂ ಗಮನಿಸುವುದಿಲ್ಲ. ಹೆಸರಿನ ಬದಲು ಪದನಾಮಕ್ಕೆ ಆದೇಶ ಮಾಡುವುದು ಇನ್ನೂ ಕ್ಷೇಮ.

ಕುಂದುಕೊರತೆ ನಿವಾರಣಾಧಿಕಾರಿ ಗೆಜೆಟೆಡ್ ದರ್ಜೆಗಿಂತ ಕಡಿಮೆ ಇರಬಾರದು. ಗೆಜೆಟೆಡ್ ಸಿಗದ ಕಡೆ ಅತಿ ಹಿರಿಯ ಅಧಿಕಾರಿ. ನಿಮ್ಮಲ್ಲಿ ಇಬ್ಬರಿದ್ದಾರೆ, ಮುಖ್ಯಸ್ಥರನ್ನು ಬಿಟ್ಟು ಇನ್ನೊಬ್ಬರನ್ನು ನೇಮಿಸಿ. ಹೊಂದಾಣಿಕೆ ಕೊಡಬೇಕಾದವರೂ ಅದನ್ನು ಕೊಡಲಿಲ್ಲ ಎಂಬ ದೂರು ಕೇಳುವವರೂ ಒಬ್ಬರೇ ಆಗಬಾರದು. ನೇಮಿಸಿದ ಮಾಹಿತಿಯನ್ನು ವಿಕಲಚೇತನರ ರಾಜ್ಯ ಆಯುಕ್ತರಿಗೆ ತಿಳಿಸಬೇಕು. ಬಹಳಷ್ಟು ಕಡೆ ಈ ಪತ್ರ ಹೋಗಿಯೇ ಇರುವುದಿಲ್ಲ. ದೂರು ನೋಂದಾಯಿಸಿದ ಎರಡು ವಾರದೊಳಗೆ ವಿಚಾರಣೆ. ತೃಪ್ತಿಯಾಗದಿದ್ದರೆ ದೂರುದಾರರು ವಿಕಲಚೇತನರ ಜಿಲ್ಲಾ ಮಟ್ಟದ ಸಮಿತಿಗೆ ಹೋಗಬಹುದು. ದೂರು ವಹಿಯ ಅಂಕಣಗಳು ನಿಯಮ 10ರಲ್ಲೇ ಇವೆ: ದೂರಿನ ದಿನಾಂಕ, ದೂರುದಾರರ ಹೆಸರು, ವಿಚಾರಣೆ ನಡೆಸುವವರು, ಘಟನೆಯ ಸ್ಥಳ, ಯಾರ ಮೇಲೆ ದೂರು, ಸಾರಾಂಶ, ದಾಖಲೆ, ವಿಲೇವಾರಿ ದಿನಾಂಕ, ಜಿಲ್ಲಾ ಸಮಿತಿಯಲ್ಲಿ ಮೇಲ್ಮನವಿಯ ವಿವರ.

‘ಇವು ಕೇಂದ್ರದ 2017ರ ನಿಯಮಗಳು, ನಮ್ಮದು ರಾಜ್ಯದ ಕಚೇರಿ’ ಎಂದು ಯಾರಾದರೂ ತಕರಾರು ತೆಗೆದರೆ ಕಲಂ 21, 22, 23 ತೋರಿಸಿ. ನೀತಿ, ದಾಖಲೆ, ದೂರು ವಹಿ ಈ ಮೂರರ ಮಟ್ಟಿಗೆ ನಿಯಮ ಮಾಡುವ ಅಧಿಕಾರವನ್ನು ಕಾಯ್ದೆ ಕೇಂದ್ರಕ್ಕೇ ಕೊಟ್ಟಿದೆ.

ನೀತಿಯ ವಿಷಯ. ನಿಯಮ 8ರ ಪ್ರಕಾರ ಅದರಲ್ಲಿ ಇರಬೇಕಾದದ್ದು: ಕೆಲಸ ನಿರ್ವಹಿಸಲು ಕೊಡುವ ಸೌಲಭ್ಯಗಳು, ವಿಕಲಚೇತನರಿಗೆ ಸೂಕ್ತವೆಂದು ಗುರುತಿಸಿದ ಹುದ್ದೆಗಳ ಪಟ್ಟಿ, ಆಯ್ಕೆಯ ವಿಧಾನ, ನೇಮಕಾತಿ ನಂತರದ ಮತ್ತು ಬಡ್ತಿ ಪೂರ್ವದ ತರಬೇತಿ, ವರ್ಗಾವಣೆ ಹಾಗೂ ಸ್ಥಳನಿಯುಕ್ತಿಯಲ್ಲಿ ಆದ್ಯತೆ, ವಿಶೇಷ ರಜೆ, ವಸತಿಗೃಹ ಇದ್ದರೆ ಅದರ ಹಂಚಿಕೆಯಲ್ಲಿ ಆದ್ಯತೆ, ಸಹಾಯಕ ಸಾಧನಗಳು ಮತ್ತು ತಡೆರಹಿತ ಪ್ರವೇಶ, ಸಂಪರ್ಕಾಧಿಕಾರಿಯ ನೇಮಕ. ನೇಮಕಾತಿ ನಿಮ್ಮ ಕೈಯಲ್ಲಿಲ್ಲ, ಹಾಗಾಗಿ ಆ ಭಾಗಕ್ಕೆ ಇಲಾಖೆಯ ಆದೇಶವನ್ನು ಉಲ್ಲೇಖಿಸಿದರೆ ಸಾಕು. ಸೌಲಭ್ಯದ ಭಾಗದಲ್ಲಿ ಮಾತ್ರ ನಿಮ್ಮ ಕಟ್ಟಡದ ನಿಜಸ್ಥಿತಿ ಬರೆಯಿರಿ: ಇಳಿಜಾರು ದಾರಿ ಯಾವ ಬಾಗಿಲಲ್ಲಿದೆ, ಶೌಚಾಲಯ ಯಾವ ಮಹಡಿಯಲ್ಲಿದೆ, ಸಾಧನ ಬೇಕಾದವರು ಯಾರಿಗೆ ಮನವಿ ಕೊಡಬೇಕು, ಎಷ್ಟು ದಿನದಲ್ಲಿ ಉತ್ತರ. ಕಂಪನಿ ಮಾದರಿಯನ್ನು ನಕಲು ಮಾಡಿ ‘ನಮ್ಮ ಗೌರವಾನ್ವಿತ ಗ್ರಾಹಕರು’ ಎಂಬ ಸಾಲನ್ನೂ ಹಾಗೇ ಉಳಿಸಿಕೊಂಡ ಸರ್ಕಾರಿ ನೀತಿಗಳು ಬೇಕಾದಷ್ಟಿವೆ.

ಜಾಲತಾಣದಲ್ಲಿ ಹಾಕಿ, ಕಚೇರಿಗೆ ಜಾಲತಾಣ ಇಲ್ಲದಿದ್ದರೆ ಎಲ್ಲರಿಗೂ ಕಾಣುವ ಕಡೆ ಅಂಟಿಸಿ. ಪ್ರತಿಯನ್ನು ರಾಜ್ಯ ಆಯುಕ್ತರ ಬಳಿ ನೋಂದಾಯಿಸಬೇಕು, ಇದು ಕಲಂ 21(2). ಪಾಲನಾ ವರದಿಗೆ ಆ ಪತ್ರದ ಸ್ವೀಕೃತಿಯನ್ನು ಲಗತ್ತಿಸಿ. ಕಾಯ್ದೆಯ ಉಲ್ಲಂಘನೆಗೆ ಕಲಂ 89ರಲ್ಲಿ ಮೊದಲ ಬಾರಿ ₹10,000ವರೆಗೆ, ಮತ್ತೆ ಆದರೆ ₹50,000ಕ್ಕೆ ಕಡಿಮೆಯಿಲ್ಲದೆ ₹5 ಲಕ್ಷದವರೆಗೆ ದಂಡ ಇದೆ.

ಉತ್ತರ: ಮೂರನೇ ಮಹಡಿ

ಹಿಂಬರಹ ಅವರು ಆಂತರಿಕ ಸಮಿತಿಯನ್ನು ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ. ನಿಮ್ಮ ಹಳೆಯ ಆದೇಶ ಅತಿ ಹೆಚ್ಚು ತಪ್ಪಿರುವುದು ಅಲ್ಲೇ. ಪುರುಷ ಮುಖ್ಯಸ್ಥರು ಅಧ್ಯಕ್ಷರಾಗಿದ್ದಾರೆ, ಹೊರಗಿನ ಸದಸ್ಯರಿಲ್ಲ. ಈ ಸಮಿತಿ ಕೊಟ್ಟ ವರದಿ ನ್ಯಾಯಮಂಡಳಿಯಲ್ಲಿ ಮೊದಲ ದಿನವೇ ಬೀಳುತ್ತದೆ, ದೂರು ಎಷ್ಟೇ ನಿಜವಿದ್ದರೂ. ನಷ್ಟ ದೂರು ಕೊಟ್ಟ ಮಹಿಳೆಗೆ.

2013ರ ಕಾಯ್ದೆಯ ಕಲಂ 4ರ ರಚನೆ: ಅಧ್ಯಕ್ಷೆ ಹಿರಿಯ ದರ್ಜೆಯ ಮಹಿಳಾ ನೌಕರರು; ನೌಕರರಲ್ಲಿ ಕನಿಷ್ಠ ಇಬ್ಬರು ಸದಸ್ಯರು, ಮಹಿಳಾ ಪರ ಕಾಳಜಿ, ಸಮಾಜಕಾರ್ಯದ ಅನುಭವ ಅಥವಾ ಕಾನೂನು ಜ್ಞಾನ ಇರುವವರು; ಹೊರಗಿನಿಂದ ಒಬ್ಬರು, ಸರ್ಕಾರೇತರ ಸಂಸ್ಥೆಯವರು ಅಥವಾ ಈ ವಿಷಯ ಬಲ್ಲವರು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟಾದರೂ ಮಹಿಳೆಯರು. ಅವಧಿ ಗರಿಷ್ಠ 3 ವರ್ಷ. ನಿಮ್ಮಲ್ಲಿ ಹಿರಿಯ ಮಹಿಳಾ ಅಧಿಕಾರಿ ಇಲ್ಲ ಎನ್ನುವುದು ನೆಪವಾಗದು. ಇಲಾಖೆಯ ಬೇರೆ ಕಚೇರಿಯಿಂದ, ಅಲ್ಲೂ ಇಲ್ಲದಿದ್ದರೆ ಬೇರೆ ಇಲಾಖೆಯಿಂದ ನಾಮನಿರ್ದೇಶನ ಮಾಡಲು ಅದೇ ಕಲಂನಲ್ಲಿ ಅವಕಾಶವಿದೆ. ಪತ್ರ ಬರೆದು ಕೇಳಿಕೊಳ್ಳಿ. ಹೊರಗಿನ ಸದಸ್ಯರಿಗೆ ಕಲಾಪದ ದಿನಕ್ಕೆ ₹200 ಭತ್ಯೆ ಮತ್ತು ಪ್ರಯಾಣ ವೆಚ್ಚ ಎಂದು 2013ರ ನಿಯಮ 3 ಹೇಳುತ್ತದೆ. ಮೊತ್ತ ಚಿಕ್ಕದು, ಆದರೆ ಯಾವ ಲೆಕ್ಕಶೀರ್ಷಿಕೆ ಎಂದು ಮೊದಲೇ ತೀರ್ಮಾನಿಸದಿದ್ದರೆ ಬಿಲ್ಲು ಖಜಾನೆಯಿಂದ ವಾಪಸ್ ಬರುತ್ತದೆ, ಎರಡನೇ ಸಭೆಗೆ ಅವರೇ ಬರುವುದಿಲ್ಲ.

9 ಹೊರಗುತ್ತಿಗೆ ನೌಕರರನ್ನು ಬೇರೆ ಎಣಿಸಿದ್ದೀರಿ. ಈ ಕಾಯ್ದೆಯ ‘ನೌಕರ’ ವ್ಯಾಖ್ಯೆಯಲ್ಲಿ ಗುತ್ತಿಗೆದಾರರ ಮೂಲಕ ಬಂದವರು, ದಿನಗೂಲಿ, ತಾತ್ಕಾಲಿಕ, ತರಬೇತಿಯಲ್ಲಿರುವವರು ಎಲ್ಲರೂ ಬರುತ್ತಾರೆ. ‘ಏಜೆನ್ಸಿಗೆ ದೂರು ಕೊಡಿ’ ಎಂದು ಸ್ವಚ್ಛತಾ ಸಿಬ್ಬಂದಿಯನ್ನು ವಾಪಸ್ ಕಳಿಸಿದರೆ ತಪ್ಪು ನಿಮ್ಮ ಕಚೇರಿಯದು. ಸಮಿತಿಯ ಆದೇಶದ ಪ್ರತಿಯನ್ನು ಏಜೆನ್ಸಿಗೂ ಕೊಡಿ, ಅವರು ಕುಳಿತುಕೊಳ್ಳುವ ಕಡೆಯೂ ಅಂಟಿಸಿ.

ಗಡುವುಗಳು. ಘಟನೆ ನಡೆದ, ಸರಣಿ ಇದ್ದರೆ ಕೊನೆಯ ಘಟನೆ ನಡೆದ 3 ತಿಂಗಳೊಳಗೆ ಲಿಖಿತ ದೂರು. ಕಾರಣ ದಾಖಲಿಸಿ ಸಮಿತಿ ಇನ್ನೂ 3 ತಿಂಗಳವರೆಗೆ ವಿಸ್ತರಿಸಬಹುದು. ದೂರಿನ 6 ಪ್ರತಿ. ಬರೆಯಲು ಬಾರದವರಿಗೆ ಅಧ್ಯಕ್ಷೆ ಅಥವಾ ಸದಸ್ಯರು ಬರೆದುಕೊಳ್ಳಲು ನೆರವಾಗಬೇಕು. ದೂರು ಬಂದ 7 ಕೆಲಸದ ದಿನದೊಳಗೆ ಒಂದು ಪ್ರತಿ ಪ್ರತಿವಾದಿಗೆ, ಅಂದರೆ ಯಾರ ಮೇಲೆ ದೂರಿದೆಯೋ ಅವರಿಗೆ. ಅವರು 10 ಕೆಲಸದ ದಿನದೊಳಗೆ ಉತ್ತರ, ದಾಖಲೆ, ಸಾಕ್ಷಿಗಳ ಪಟ್ಟಿ ಕೊಡಬೇಕು. ವಿಚಾರಣೆ 90 ದಿನದೊಳಗೆ ಮುಗಿಯಬೇಕು, ಮುಗಿದ 10 ದಿನದಲ್ಲಿ ವರದಿ, ವರದಿ ಬಂದ 60 ದಿನದಲ್ಲಿ ಕಚೇರಿಯ ಕ್ರಮ, ಶಿಫಾರಸಿನ 90 ದಿನದೊಳಗೆ ಮೇಲ್ಮನವಿ. ಪ್ರತಿ ಕಲಾಪಕ್ಕೆ ಅಧ್ಯಕ್ಷೆ ಸೇರಿ ಕನಿಷ್ಠ 3 ಸದಸ್ಯರು ಹಾಜರಿರಬೇಕು. ಇಬ್ಬರೇ ಕುಳಿತು ಸಾಕ್ಷ್ಯ ಬರೆದುಕೊಂಡು ಮೂರನೆಯವರ ಸಹಿಯನ್ನು ಮಾರನೇ ದಿನ ಹಾಕಿಸುವ ಅಭ್ಯಾಸವಿದೆಯಲ್ಲ, ಅದೊಂದೇ ಸಾಕು ವರದಿ ಬೀಳಲು. ವಕೀಲರಿಗೆ ಪ್ರವೇಶವಿಲ್ಲ, ಎರಡೂ ಕಡೆಗೆ.

ಮಧ್ಯಂತರ ಪರಿಹಾರವನ್ನು ಕಚೇರಿಗಳು ತಲೆಕೆಳಗಾಗಿ ಅರ್ಥ ಮಾಡಿಕೊಂಡಿವೆ. ದೂರು ಬಂದ ಕೂಡಲೇ ಮಹಿಳೆಯನ್ನೇ ಬೇರೆ ತಾಲ್ಲೂಕಿಗೆ ‘ನಿಯೋಜನೆ’ ಮಾಡಿ ಕೈತೊಳೆದುಕೊಳ್ಳುತ್ತಾರೆ. ಕಲಂ 12 ನೊಂದ ಮಹಿಳೆಯ ಲಿಖಿತ ಕೋರಿಕೆಯಿಂದ ಮಾತ್ರ ಜೀವ ಪಡೆಯುತ್ತದೆ. ಅವರು ಕೇಳಿದರೆ ಅವರನ್ನೋ ಪ್ರತಿವಾದಿಯನ್ನೋ ವರ್ಗಾಯಿಸಲು, ಅವರ ಲೆಕ್ಕದ ರಜೆಗೆ ಕೈಹಾಕದೆ 3 ತಿಂಗಳವರೆಗೆ ಹೆಚ್ಚುವರಿ ರಜೆ ಕೊಡಲು, ಪ್ರತಿವಾದಿ ಆಕೆಯ ಕಾರ್ಯನಿರ್ವಹಣಾ ವರದಿ ಬರೆಯದಂತೆ ತಡೆಯಲು ಸಮಿತಿ ಶಿಫಾರಸು ಮಾಡಬಹುದು. ಕೊನೆಯದನ್ನು ಕೇಳುವವರು ಕಡಿಮೆ, ಆದರೆ ವರದಿ ಬರೆಯುವ ಅಧಿಕಾರಿಯೇ ಪ್ರತಿವಾದಿಯಾಗಿದ್ದಾಗ ಅತಿ ಮುಖ್ಯವಾದದ್ದು ಅದೇ.

ರಾಜಿ ಸಂಧಾನಕ್ಕೂ ಆಕೆಯೇ ಕೇಳಬೇಕು, ಅದೂ ವಿಚಾರಣೆ ಶುರುವಾಗುವ ಮುಂಚೆ; ಹಣ ಕೊಟ್ಟು ಮುಗಿಸುವುದು ನಿಷಿದ್ಧ. ದೂರು ಸಾಬೀತಾಗಲಿಲ್ಲ ಎಂಬ ಮಾತ್ರಕ್ಕೆ ‘ಸುಳ್ಳು ದೂರು’ ಎಂದು ನೋಟಿಸ್ ಕೊಡುವಂತಿಲ್ಲ, ದುರುದ್ದೇಶವನ್ನು ಪ್ರತ್ಯೇಕ ವಿಚಾರಣೆಯಿಂದ ಸ್ಥಾಪಿಸಬೇಕು. ಕಡತದ ಗೋಪ್ಯತೆ ಕಲಂ 16ರಲ್ಲಿದೆ, ಮಾಹಿತಿ ಹಕ್ಕು ಅರ್ಜಿಯಲ್ಲೂ ಆಕೆಯ ಗುರುತು ಕೊಡುವಂತಿಲ್ಲ. ಆದ್ದರಿಂದ ಈ ಕಡತವನ್ನು ಕಂಪ್ಯೂಟರ್ ಕಡತ ವ್ಯವಸ್ಥೆಯಾದ ಇ-ಆಫೀಸ್‌ನಲ್ಲಿ ಎಲ್ಲರ ಕಣ್ಣಿಗೆ ಬೀಳುವಂತೆ ವಿಷಯ ಶೀರ್ಷಿಕೆ ಕೊಟ್ಟು ತೆರೆಯಬೇಡಿ.

ಸಮಿತಿ ಪ್ರತಿ ಕ್ಯಾಲೆಂಡರ್ ವರ್ಷಕ್ಕೆ ವಾರ್ಷಿಕ ವರದಿ ಕೊಡಬೇಕು: ಬಂದ ದೂರು, ವಿಲೇವಾರಿ, 90 ದಿನ ಮೀರಿದ್ದು, ನಡೆಸಿದ ಕಾರ್ಯಾಗಾರ, ತೆಗೆದುಕೊಂಡ ಕ್ರಮ. ದೂರು ಒಂದೂ ಇಲ್ಲದಿದ್ದರೂ ‘ಶೂನ್ಯ’ ಎಂದು ಬರೆದು ಕಳುಹಿಸಿ. ಸಮಿತಿಯನ್ನೇ ರಚಿಸದಿದ್ದರೆ ₹50,000ವರೆಗೆ ದಂಡ, ಮತ್ತೆ ಆದರೆ ದುಪ್ಪಟ್ಟು.

ಸಿಬ್ಬಂದಿಶಾಖೆ

ಇಬ್ಬರಿಗೂ ಧನ್ಯವಾದ. ಎರಡು ಅನುಮಾನ. ದೂರು ಕಚೇರಿ ಮುಖ್ಯಸ್ಥರ ಮೇಲೇ ಬಂದರೆ, ಅಥವಾ ತಪಾಸಣೆಗೆ ಬಂದ ಬೇರೆ ಇಲಾಖೆಯವರ ಮೇಲೆ ಬಂದರೆ ಏನು? ಇನ್ನೊಂದು, ದೃಷ್ಟಿ ಮಂಜಾದವರಿಗೆ ಏನೇನು ಖರೀದಿಸಬೇಕು ಎಂಬ ಪಟ್ಟಿ ಯಾರಾದರೂ ಕೊಡಬಲ್ಲಿರಾ?

ಮೂರನೇ ಮಹಡಿ

ಉದ್ಯೋಗದಾತರ ಮೇಲೇ ದೂರಾದರೆ ಅದು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ, ಕಲಂ 6. 10ಕ್ಕಿಂತ ಕಡಿಮೆ ನೌಕರರಿದ್ದು ಆಂತರಿಕ ಸಮಿತಿ ಇಲ್ಲದ ಕಡೆಯ ದೂರುಗಳೂ ಅಲ್ಲಿಗೇ. ಬೇರೆ ಇಲಾಖೆಯವರಾದರೆ, ನೊಂದ ಮಹಿಳೆ ಕೆಲಸ ಮಾಡುವ ಕಚೇರಿಯ ಆಂತರಿಕ ಸಮಿತಿಯೇ ವಿಚಾರಿಸಬಹುದು ಎಂದು ಸುಪ್ರೀಂ ಕೋರ್ಟ್ 2025ರ ಡಿಸೆಂಬರ್‌ನಲ್ಲಿ ಹೇಳಿದೆ. ಆಕೆಯನ್ನು ಪ್ರತಿವಾದಿಯ ಕಚೇರಿಗೆ ಅಲೆಸಬೇಕಿಲ್ಲ. ಶಿಸ್ತುಕ್ರಮ ಮಾತ್ರ ಅವರ ಇಲಾಖೆಯದೇ. ಪೊಲೀಸ್ ದೂರು ಬೇರೆ ದಾರಿ, ಭಾರತೀಯ ನ್ಯಾಯ ಸಂಹಿತೆಯ ಕಲಂ 75. ಅದನ್ನು ಕೊಡಲು ಆಕೆ ಬಯಸಿದರೆ ನೆರವಾಗುವುದು ಉದ್ಯೋಗದಾತರ ಕರ್ತವ್ಯ. ‘ಮೊದಲು ಸಮಿತಿ ಮುಗಿಯಲಿ’ ಎಂದು ತಡೆಯುವಂತಿಲ್ಲ.

ಉತ್ತರ: ಅಕ್ಷರಜೋಡಣೆ

ಖರೀದಿಗಿಂತ ಮೊದಲು ಕಡತಗಳ ಅಕ್ಷರ ನೋಡಿ. ದೃಷ್ಟಿ ಕಡಿಮೆಯಿರುವವರಿಗೆ ಕಂಪ್ಯೂಟರ್ ಪರದೆಯನ್ನು ಓದಿ ಹೇಳುವ ತಂತ್ರಾಂಶ ಎನ್‌ವಿಡಿಎ ಉಚಿತ, ಜೊತೆಗೆ ಬರುವ ಇಸ್ಪೀಕ್ ಧ್ವನಿ ಕನ್ನಡವನ್ನೂ ಓದುತ್ತದೆ, ಸ್ವಲ್ಪ ಯಾಂತ್ರಿಕವಾಗಿ. ಆದರೆ ಅದು ಓದುವುದು ಯೂನಿಕೋಡ್ ಕನ್ನಡವನ್ನು. ಹಳೆಯ ನುಡಿ ಫಾಂಟ್‌ನಲ್ಲಿ ಆಸ್ಕಿ ಸಂಕೇತದಲ್ಲಿ ಟೈಪಿಸಿದ ಪತ್ರವನ್ನು ತೆರೆದರೆ ಕಿವಿಗೆ ಬೀಳುವುದು ಅರ್ಥವಿಲ್ಲದ ರೋಮನ್ ಅಕ್ಷರ, ಚಿಹ್ನೆಗಳ ಸಾಲು. ಏಕೆಂದರೆ ಆ ಕಡತದೊಳಗೆ ಕನ್ನಡವೇ ಇಲ್ಲ, ಕನ್ನಡದಂತೆ ಕಾಣುವ ಚಿತ್ರಗಳಿವೆ ಅಷ್ಟೆ. ಸಾಧನ ಕೊಟ್ಟು ‘ಆದರೂ ಅವರಿಂದ ಆಗುತ್ತಿಲ್ಲ’ ಎಂದು ಬರೆಯುವ ಕಚೇರಿಗಳಲ್ಲಿ ಎಡವಟ್ಟು ಬಹುತೇಕ ಇಲ್ಲೇ ಇರುತ್ತದೆ.

ಹಾಗಾಗಿ ಶಾಖೆಯಲ್ಲಿ ಹೊಸ ಕರಡುಗಳೆಲ್ಲ ಯೂನಿಕೋಡ್‌ನಲ್ಲಿ ಎಂದು ಒಂದು ಆಂತರಿಕ ಸೂಚನೆ ಹೊರಡಿಸಿ. ಅವರು ನಿತ್ಯ ಬಳಸುವ ಹಳೆಯ ಮಾದರಿಗಳನ್ನು ಪರಿವರ್ತಕದಲ್ಲಿ ಹಾಕಿ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತನ್ನು ಒಮ್ಮೆ ಕಣ್ಣಲ್ಲಿ ತಾಳೆ ನೋಡಿ. ಪರಿವರ್ತನೆಯಲ್ಲಿ ಕೆಡುವುದು ಅವೇ. ಮುದ್ರಿಸಿ, ಸಹಿ ಹಾಕಿ, ಮತ್ತೆ ಸ್ಕ್ಯಾನ್ ಮಾಡಿದ ಪಿಡಿಎಫ್ ಬರೀ ಚಿತ್ರ, ಅದನ್ನೂ ತಂತ್ರಾಂಶ ಓದದು. ಅವರಿಗೆ ಹೋಗುವ ಪತ್ರದ ಜೊತೆ ಮೂಲ ಕಡತವನ್ನೂ ಲಗತ್ತಿಸಿ.

ನೀವು ಹೇಳುವ ಮಟ್ಟದ ದೃಷ್ಟಿಗೆ ಓದಿಸುವ ತಂತ್ರಾಂಶಕ್ಕಿಂತ ಹಿಗ್ಗಿಸುವುದು ಹೆಚ್ಚು ಉಪಯೋಗ. ವಿಂಡೋಸ್‌ನಲ್ಲೇ ವರ್ಧಕ ಇದೆ, ವಿಂಡೋಸ್ ಕೀಲಿ ಮತ್ತು ಪ್ಲಸ್ ಒತ್ತಿದರೆ ತೆರೆಯುತ್ತದೆ. ದೊಡ್ಡ ಮಾನಿಟರ್, ತಿರುಗಿಸಬಲ್ಲ ತೋಳಿನ ಮೇಲೆ ಇದ್ದರೆ ಮುಖದ ಹತ್ತಿರ ತಂದುಕೊಳ್ಳಬಹುದು. ಕಾಗದದ ಕಡತಕ್ಕೆ ಕ್ಯಾಮೆರಾ ಇರುವ ವಿಡಿಯೊ ವರ್ಧಕ ಅಥವಾ ದೀಪವಿರುವ ಕೈ ವರ್ಧಕ. ಮೇಜನ್ನು ಕಿಟಕಿಗೆ ಎದುರಾಗಿ ಹಾಕಬೇಡಿ, ಪರದೆಯ ಹಿಂದಿನ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಯಾವುದನ್ನೂ ಅವರು ಒಮ್ಮೆ ಬಳಸಿ ನೋಡದೆ ಕೊಳ್ಳಬೇಡಿ. ಮಧುಮೇಹದ ಕಣ್ಣು ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ, ಆದ್ದರಿಂದ ಆರು ತಿಂಗಳಿಗೊಮ್ಮೆ ಹೊಂದಾಣಿಕೆಯನ್ನು ಮರುಪರಿಶೀಲಿಸಲಾಗುವುದು ಎಂದು ಆದೇಶದಲ್ಲೇ ಬರೆದುಬಿಡಿ.

ಇಳಿಜಾರು ದಾರಿಯ ಬಗ್ಗೆ ಪಾಲನಾ ವರದಿಯಲ್ಲಿ ‘ಇದೆ’ ಎಂದು ಬರೆಯುವ ಮುಂಚೆ ಟೇಪು ಹಿಡಿದು ಅಳೆಯಿರಿ. ಪ್ರಮಾಣ 1:12. ಮೆಟ್ಟಿಲುಗಳ ಒಟ್ಟು ಎತ್ತರ 45 ಸೆಂ.ಮೀ. ಇದ್ದರೆ ಇಳಿಜಾರಿನ ಉದ್ದ 5.4 ಮೀಟರ್ ಬೇಕು. ಎರಡು ಮೀಟರಿನಲ್ಲಿ ಸಿಮೆಂಟ್ ಬಳಿದದ್ದು ದ್ವಿಚಕ್ರ ವಾಹನ ಹತ್ತಿಸಲು ಸರಿ, ಗಾಲಿಕುರ್ಚಿ ಹಿಂದಕ್ಕೆ ಮಗುಚುತ್ತದೆ. ಪ್ರವೇಶಯೋಗ್ಯತೆಯ ಮಾನದಂಡಗಳು ಬರೀ ಮಾರ್ಗಸೂಚಿಗಳಾಗಿದ್ದರೆ ಸಾಲದು, ಕಡ್ಡಾಯವಾಗಿರಬೇಕು ಎಂದು ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ ರಾಜೀವ್ ರಾತೂರಿ ಪ್ರಕರಣದಲ್ಲಿ ಹೇಳಿದೆ.

ಉತ್ತರ: ಬಿಂದು_ವಹಿ

ಒಂದು ತಿದ್ದುಪಡಿ. ಕಲಂ 23ರ ಕುಂದುಕೊರತೆ ನಿವಾರಣಾಧಿಕಾರಿಗೆ ವಿಕಲಚೇತನರ ಎಲ್ಲ ದೂರೂ ಹೋಗುತ್ತದೆ ಎಂದು ಓದುವವರು ತಿಳಿಯಬಾರದು. ಅವರ ವ್ಯಾಪ್ತಿ ಕಲಂ 20 ಮಾತ್ರ. ‘ನೇಮಕಾತಿಯಲ್ಲಿ ನಮ್ಮ ಬಿಂದುವನ್ನು (ಮೀಸಲಾತಿ ಸರದಿಯಲ್ಲಿನ ಸ್ಥಾನವನ್ನು) ಬಿಟ್ಟಿದ್ದಾರೆ’ ಎಂಬ ಮೀಸಲಾತಿಯ ದೂರು ನೇರವಾಗಿ ರಾಜ್ಯ ಆಯುಕ್ತರಿಗೆ. ಆಯುಕ್ತರಿಗೆ ಸಾಕ್ಷಿ ಕರೆಸಲು, ದಾಖಲೆ ತರಿಸಲು ಸಿವಿಲ್ ನ್ಯಾಯಾಲಯದ ಅಧಿಕಾರವಿದೆ. ಅವರು ಶಿಫಾರಸು ಮಾಡಿದರೆ ಕಚೇರಿ ಕ್ರಮ ಕೈಗೊಂಡು 3 ತಿಂಗಳೊಳಗೆ ತಿಳಿಸಬೇಕು, ಒಪ್ಪದಿದ್ದರೆ ಕಾರಣ ತಿಳಿಸಬೇಕು.

ಬಡ್ತಿ, ವರ್ಗಾವಣೆಯನ್ನೂ ಹಳೆಯ ಸಮಿತಿಗೆ ಹಾಕಿದ್ದೀರಿ. ಅಂಥ ಸಮಿತಿಗೆ ಶಾಸನಬದ್ಧ ಅಧಿಕಾರ ಏನೂ ಇಲ್ಲ, ನೌಕರರ ಕಾಲ ಮಾತ್ರ ಕಳೆಯುತ್ತದೆ. ಇಲ್ಲಿ ಕಾಲವೇ ಮುಖ್ಯ. ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಲು 1985ರ ಕಾಯ್ದೆಯ ಕಲಂ 21ರಲ್ಲಿ ಅಂತಿಮ ಆದೇಶದಿಂದ ಒಂದು ವರ್ಷ. ಶಾಸನಬದ್ಧ ಮೇಲ್ಮನವಿ ಅಥವಾ ಮನವಿ ಕೊಟ್ಟು 6 ತಿಂಗಳು ಉತ್ತರ ಬಾರದಿದ್ದರೆ, ಆ 6 ತಿಂಗಳು ಮುಗಿದ ದಿನದಿಂದ ಒಂದು ವರ್ಷ. ನಂತರ ಹತ್ತು ಜ್ಞಾಪನ ಪತ್ರ ಬರೆದರೂ ಗಡುವು ಮುಂದಕ್ಕೆ ಹೋಗುವುದಿಲ್ಲ, ಹಳೆಯ ಮನವಿಗೆ ಕೊನೆಗೊಮ್ಮೆ ಲಿಖಿತ ಉತ್ತರ ಬಂದರೂ ಸತ್ತ ಹಕ್ಕು ಬದುಕುವುದಿಲ್ಲ, 2008ರ ಸಿ. ಜೇಕಬ್ ಪ್ರಕರಣ ನೋಡಿ. ನ್ಯಾಯಮಂಡಳಿಯ ಪೀಠಗಳು ಬೆಂಗಳೂರು, ಬೆಳಗಾವಿ, ಕಲಬುರಗಿಯಲ್ಲಿವೆ.

ನಿಮ್ಮ ಶಾಖೆಯ ಪಾಲಿನ ಕೆಲಸ ವಹಿಗಳನ್ನು ಸರಿಯಾಗಿಡುವುದು. ಮಹಿಳೆ, ವಿಕಲಚೇತನ, ಮಾಜಿ ಸೈನಿಕ, ರಾಜ್ಯದಲ್ಲಿ 2021ರಿಂದ ಲಿಂಗತ್ವ ಅಲ್ಪಸಂಖ್ಯಾತರಿಗೆ ಇರುವ ಶೇ 1, ಇವೆಲ್ಲ ಸಮತಲ ಮೀಸಲಾತಿ. ಅವರನ್ನು ಅವರವರ ಪ್ರವರ್ಗದೊಳಗೇ ಎಣಿಸಬೇಕು, ಹೊಸ ಪ್ರವರ್ಗದಂತೆ ಪಕ್ಕಕ್ಕೆ ಇನ್ನೊಂದು ಅಂಕಣ ಎಳೆಯಬಾರದು. ಸಾಮಾನ್ಯ ವರ್ಗದ ಮಹಿಳಾ ಬಿಂದು ‘ಮೀಸಲಾತಿ ಇಲ್ಲದ ಜಾತಿಯವರಿಗೆ’ ಎಂದು ಓದುವುದೂ ತಪ್ಪು. ಅರ್ಹತೆಯಿದ್ದರೆ ಪರಿಶಿಷ್ಟ ಅಥವಾ ಹಿಂದುಳಿದ ವರ್ಗದ ಮಹಿಳೆಗೂ ಅದು ತೆರೆದದ್ದು ಎಂದು 2020ರ ಸೌರವ್ ಯಾದವ್ ತೀರ್ಪಿನಲ್ಲಿದೆ.

ಜಾತಿ ನಿಂದನೆಯ ದೂರು ಬಂದರೆ ಕಚೇರಿಯ ಯಾವ ಸಮಿತಿಯಲ್ಲೂ ಇಟ್ಟುಕೊಂಡು ಕೂರಬೇಡಿ. ಅದು 1989ರ ದೌರ್ಜನ್ಯ ತಡೆ ಕಾಯ್ದೆಯ ವಿಷಯ, ಠಾಣೆಗೆ ಹೋಗಬೇಕಾದದ್ದು. ಇಲಾಖಾ ವಿಚಾರಣೆ ಅದರ ಪಕ್ಕದಲ್ಲಿ ನಡೆಯಲಿ. ಹೊಸಬರ ವೈದ್ಯಕೀಯ ತಪಾಸಣೆಯ ನಮೂನೆಯಲ್ಲಿ ಎಚ್‌ಐವಿ ಪರೀಕ್ಷೆಯ ಸಾಲು ಉಳಿದಿದ್ದರೆ ಹೊಡೆದುಹಾಕಿ, 2017ರ ಕಾಯ್ದೆ ಉದ್ಯೋಗಕ್ಕೆ ಆ ಷರತ್ತನ್ನು ನಿಷೇಧಿಸಿದೆ.

ಹಿಂಬರಹ

ಬಿಂದು_ವಹಿ ಸರ್ ಹೇಳಿದ ತಿದ್ದುಪಡಿ ಸರಿ, ‘ಕಲಂ 20ರ ದೂರಿಗೆ’ ಎಂದು ನಾನು ಬರೆದದ್ದು ಅದೇ ಅರ್ಥದಲ್ಲಿ.

ಸಿಬ್ಬಂದಿಶಾಖೆಯವರೇ, ಹಳೆಯ ಆದೇಶವನ್ನು ರದ್ದುಪಡಿಸುವ ಸಾಲನ್ನು ಹೊಸ ಆದೇಶಗಳಲ್ಲಿ ಮರೆಯಬೇಡಿ. ಎರಡೂ ಜಾರಿಯಲ್ಲಿದ್ದರೆ ‘ನನ್ನ ದೂರನ್ನು ಯಾವ ಸಮಿತಿ ಕೇಳಬೇಕಿತ್ತು’ ಎಂಬ ವಾದವೇ ಒಂದು ವರ್ಷ ನಡೆಯುತ್ತದೆ. ಹಳೆಯ ಸಮಿತಿಯ ಮುಂದೆ ಬಾಕಿಯಿರುವ ದೂರುಗಳ ಪಟ್ಟಿ ಮಾಡಿ, ಪ್ರತಿಯೊಂದನ್ನೂ ಯಾವ ಬಾಗಿಲಿಗೆ ವರ್ಗಾಯಿಸಿದ್ದೀರಿ ಎಂದು ದೂರುದಾರರಿಗೆ ಲಿಖಿತವಾಗಿ ತಿಳಿಸಿ. ಲೈಂಗಿಕ ಕಿರುಕುಳದ ದೂರು ಅದರಲ್ಲಿದ್ದರೆ ಹಳೆಯ ಸಮಿತಿಗೆ ಸಲ್ಲಿಸಿದ ದಿನಾಂಕವನ್ನೇ ದೂರಿನ ದಿನಾಂಕವಾಗಿ ವಹಿಯಲ್ಲಿ ನಮೂದಿಸಿ, ಇಲ್ಲವಾದರೆ ಪ್ರತಿವಾದಿ 3 ತಿಂಗಳ ಗಡುವಿನ ತಕರಾರು ಎತ್ತುತ್ತಾರೆ. ಸ್ವಯಂ ನಿವೃತ್ತಿಯ ಆ ಮೌಖಿಕ ಸೂಚನೆ ಮತ್ತೆ ಬಂದರೆ, ಕಲಂ 20(4)ನ್ನು ಉಲ್ಲೇಖಿಸಿ ಟಿಪ್ಪಣಿ ಬರೆದು ಲಿಖಿತ ನಿರ್ದೇಶನ ಕೋರಿ ಕಡತ ಮೇಲಕ್ಕೆ ಕಳುಹಿಸಿ.